ಬಿಸಿ ಆರುವ ಮೊದಲು

ಗದಗ-ಬೆಟಗೇರಿಗೆ ಹೊಸದಾಗಿ ಬಂದಿದ್ದೀರಾ? ಸಂಜೆಯ ಹೊತ್ತಿಗೆ ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಇಟ್ಟುಕೊಳ್ಳಿ. ಮಿರ್ಚಿ ಭಜಿಯನ್ನು ತಟ್ಟೆಯಲ್ಲಿ ಪೇರಿಸಿಟ್ಟಲ್ಲಿ ತಿನ್ನಬೇಡಿ, ಬಾಣಲೆಯಿಂದ ಆಗಷ್ಟೇ ಎತ್ತುತ್ತಿರುವಲ್ಲಿ ನಿಲ್ಲಿ. ಎಣ್ಣೆ ಕಪ್ಪಾಗಿದ್ದರೆ, ಕಮಟು ವಾಸನೆ ಬಂದರೆ, ಮುಂದಿನ ಅಂಗಡಿಗೆ ನಡೆಯಿರಿ.

ಗಿರ್ಮಿಟ್‌ಗೆ ಇನ್ನೂ ಅವಸರ ಬೇಕು. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆರಸದ ಒಗ್ಗರಣೆ ಚುರುಮುರಿಗೆ ಬಿದ್ದ ಕೂಡಲೇ ಅದು ಮೆತ್ತಗಾಗತೊಡಗುತ್ತದೆ. ಮೇಲೆ ಉದುರಿಸಿದ ಪುಟಾಣಿ ಹಿಟ್ಟು ಆ ಹಸಿಯನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಅಷ್ಟೇ. ಫೋಟೊ ಆಮೇಲೆ ತೆಗೆಯಿರಿ. ಮೊದಲ ತುತ್ತು ಗರಿಗರಿಯಾಗಿರಲಿ.

ಸಿಹಿಗೆ ಮಾತ್ರ ಅವಸರ ಸಲ್ಲದು. ಕರದಂಟಿನ ಹೆಸರಿನಲ್ಲೇ ಅದರ ಗುಟ್ಟಿದೆ: ತುಪ್ಪದಲ್ಲಿ ಕರಿದ ಅಂಟು. ಗೋಕಾಕ, ಅಮೀನಗಡಗಳ ಹೆಸರು ಹೊತ್ತು ನಮ್ಮೂರಿನ ಅಂಗಡಿಗಳಿಗೂ ಬರುವ ಈ ಸಿಹಿಯ ಚಿಕ್ಕ ತುಂಡನ್ನು ನಿಧಾನ ಅಗಿಯಿರಿ. ಅಂಟು ಚೆನ್ನಾಗಿ ಅರಳಿದ್ದರೆ ಹಲ್ಲಿಗೆ ಹಗುರವಾಗಿ ಪುಡಿಯಾಗುತ್ತದೆ. ಸರಿಯಾಗಿ ಅರಳದಿದ್ದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಒಣಕೊಬ್ಬರಿಯ ಹಳಸಲು ವಾಸನೆ ಬಂದರೆ ಕೊಳ್ಳಬೇಡಿ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಯಾರಾದರೂ ಊಟಕ್ಕೆ ಕರೆದು ಮಾದಲಿ ಬಡಿಸಿದರೆ, ಅದು ನಿಮ್ಮ ಭಾಗ್ಯ. ಗೋದಿ, ಬೆಲ್ಲ, ಏಲಕ್ಕಿಯ ಆ ಪುಡಿಗೆ ಬಿಸಿ ಹಾಲು, ತುಪ್ಪ ಹಾಕಿ ಒಂದು ನಿಮಿಷ ಬಿಡಿ. ನಾನಂತೂ ಯಾವ ಕೆಫೆಯ ಕೇಕಿಗೂ ಅದನ್ನು ಬಿಟ್ಟುಕೊಡಲಾರೆ.

ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಮಿರ್ಚಿಯ ಹೊರಗಿನ ಹಿಟ್ಟನ್ನಷ್ಟೇ ಮೊದಲು ಕೊಡಿ.