ಬೆನ್ನಿನ ಮಾಂಸಖಂಡಗಳು: ತೋಟಗಾರರು ತಿಳಿದಿರಬೇಕಾದ ವಿಷಯ

ಪಾತಿ ಮಾಡುವುದು, ಗೊಬ್ಬರ ಹೊರುವುದು, ಅಡಿಕೆ ಗೊನೆ ಇಳಿಸುವುದು, ಸುಲಿಯಲು ಗಂಟೆಗಟ್ಟಲೆ ಕೂರುವುದು, ಹೀಗೆ ತೋಟದ ಯಾವ ಕೆಲಸಕ್ಕೂ ಬೆನ್ನು ಗಟ್ಟಿಯಿರಬೇಕು. ಪಂಪ್‌ಸೆಟ್ಟಿನ ಭಾಗಗಳನ್ನೆಲ್ಲ ಬಲ್ಲ ನಮ್ಮ ಸದಸ್ಯರು ತಮ್ಮ ಬೆನ್ನಿನ ರಚನೆಯನ್ನೂ ಅರಿತಿರುವುದು ಒಳ್ಳೆಯದು. ಬೆನ್ನುನೋವೆಲ್ಲ ಒಂದೇ ಬಗೆಯದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯವರಂತೂ ಈ ವ್ಯತ್ಯಾಸವನ್ನು ತಿಳಿದಿರಲೇಬೇಕು.

ರಚನೆ

ಬೆನ್ನೆಲುಬು ಸಾಮಾನ್ಯವಾಗಿ 33 ಮಣಿಗಳ ಸರ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಅವುಗಳ ಕೆಳಗಿನ 5 ಮತ್ತು ತುದಿಯ 4 ಮಣಿಗಳು ದೊಡ್ಡವರಲ್ಲಿ ಬೆಸೆದುಕೊಂಡಿರುತ್ತವೆ. ಬಿಡಿ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಮಣಿಗಳನ್ನು ಒಂದಕ್ಕೊಂದು ಬಿಗಿದಿರುವ ನಾರಿನ ಪಟ್ಟಿಗಳಿಗೆ ಅಸ್ಥಿರಜ್ಜು ಎನ್ನುತ್ತಾರೆ.

ಮಾಂಸಖಂಡಗಳು ಪದರ ಪದರವಾಗಿವೆ. ಹೊರಪದರದಲ್ಲಿ ಎರಡು ಮುಖ್ಯ. ಟ್ರಪೀಜಿಯಸ್ ತಲೆಬುರುಡೆಯ ಹಿಂಭಾಗದಿಂದ ಹೆಗಲಿಗೂ ಬೆನ್ನಿನ ನಡುವಿಗೂ ಹರಡಿದೆ. ಹೆಗಲ ಮೇಲೆ ಮೂಟೆ ಹೊತ್ತಾಗ ದುಡಿಯುವುದು ಇದು. ಲ್ಯಾಟಿಸಿಮಸ್ ಡಾರ್ಸೈ ಸೊಂಟದಿಂದ ಹೊರಟು ತೋಳಿನ ಮೂಳೆಗೆ ಸೇರುತ್ತದೆ. ಮರ ಹತ್ತುವವನ ಮೈಯನ್ನು ಮೇಲಕ್ಕೆಳೆಯುವುದು ಇದರ ಕೆಲಸ. ಇವೆರಡೂ ಮುಖ್ಯವಾಗಿ ಹೆಗಲು ತೋಳುಗಳ ಸೇವಕರು.

ಬೆನ್ನನ್ನು ನೆಟ್ಟಗೆ ನಿಲ್ಲಿಸುವವು ಒಳಗಿವೆ. ಬೆನ್ನೆಲುಬಿನ ಎರಡೂ ಪಕ್ಕದಲ್ಲಿ ಹಗ್ಗದಂತೆ ಕೈಗೆ ಸಿಗುವುದು ಇರೆಕ್ಟರ್ ಸ್ಪೈನೆ. ಅದಕ್ಕೂ ಆಳದಲ್ಲಿ, ಮಣಿಯಿಂದ ಮಣಿಗೆ ಹೊಲಿಗೆ ಹಾಕಿದಂತಿರುವ ಮಲ್ಟಿಫಿಡಸ್ ಮಣಿಗಳನ್ನು ಅಲುಗದಂತೆ ಹಿಡಿದಿರುತ್ತದೆ.

ಭಾರದ ಲೆಕ್ಕ

ಬೆನ್ನು ಏತದ ಮರದಂತೆ ಕೆಲಸ ಮಾಡುತ್ತದೆ. ಒಳಗಿನ ಮಾಂಸಖಂಡ ಡಿಸ್ಕಿನ ನಡುವಿನಿಂದ ಸುಮಾರು 5 ಸೆಂ.ಮೀ. ಹಿಂದಿದೆ. 2018ರಿಂದ ಯೂರಿಯಾ ಚೀಲ 45 ಕಿಲೋದ್ದು. ಅದನ್ನು ಮೈಯಿಂದ ದೂರ, ಡಿಸ್ಕಿನಿಂದ 40 ಸೆಂ.ಮೀ. ಮುಂದೆ ಹಿಡಿದು ಎತ್ತಿದರೆ, ಚೀಲ ಒಂದಕ್ಕೇ ಮಾಂಸಖಂಡ 360 ಕಿಲೋದಷ್ಟು ಬಲ ಹಾಕಬೇಕು. ಮೈಗೆ ಒತ್ತಿಕೊಂಡು 20 ಸೆಂ.ಮೀ.ಗೆ ತಂದರೆ ಅದು 180 ಕಿಲೋಗೆ ಇಳಿಯುತ್ತದೆ. ಮುಂದೆ ಬಾಗಿದ ಮೈಯ ತೂಕ ಇದಕ್ಕೆ ಸೇರುವುದು ಬೇರೆ.

ಇನ್ನೊಂದು ಮಾತು. ಪೂರ್ತಿ ಬಗ್ಗಿದಾಗ ಇರೆಕ್ಟರ್ ಸ್ಪೈನೆ ಹೆಚ್ಚುಕಡಿಮೆ ಕೆಲಸ ನಿಲ್ಲಿಸಿ, ಭಾರ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಬಹಳ ಹೊತ್ತು ಬಗ್ಗಿ ಕಳೆ ಕಿತ್ತರೆ ಅವು ಸಡಿಲಗೊಳ್ಳುತ್ತವೆ. ಆದ್ದರಿಂದ ಸದಸ್ಯರು ಗಮನಿಸಬೇಕಾದುದು:

1. ಕಳೆ ಕಿತ್ತು ಎದ್ದ ಕೂಡಲೇ ಮಂಕರಿ ಎತ್ತಬಾರದು. ಕೆಲವು ನಿಮಿಷ ನಿಂತು ಅಡ್ಡಾಡಬೇಕು.
2. ಮೊಣಕಾಲು ಮಡಿಸಿ, ಭಾರವನ್ನು ಮೈಗೆ ಒತ್ತಿಕೊಂಡು ಏಳಬೇಕು. ಹೊತ್ತ ಭಾರದೊಡನೆ ಸೊಂಟ ತಿರುಚದೆ, ಪಾದ ತಿರುಗಿಸಬೇಕು.
3. ಚೀಲವನ್ನು ಇಬ್ಬರು ಎತ್ತಬೇಕು. ಕೂಲಿಯಾಳಿಗೂ ಇದೇ ನಿಯಮ.

ಮಾಂಸಖಂಡದ್ದಲ್ಲದ ನೋವು

ಉಳುಕಿದ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಪೂರ್ತಿ ಮಲಗಿರದೆ ಹಗುರವಾಗಿ ಓಡಾಡಿಕೊಂಡಿರುವುದೇ ಮೇಲು. ತಿಂಗಳುಗಟ್ಟಲೆ ಉಳಿದು, ಬೆನ್ನು ಕುತ್ತಿಗೆಗಳು ಬಿಗಿಯುತ್ತಾ ಬಂದರೆ ನೀರನ್ನು ಅನುಮಾನಿಸಬೇಕು.

ನಮ್ಮ ಸೀಮೆಯ, ಅದರಲ್ಲೂ ಪಾವಗಡದ, ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗಿರುವುದು ಒಳ್ಳೆಯದು, ಬೇರೆ ನೀರಿಲ್ಲದಾಗಲೂ 1.5 ಮೀರಬಾರದು. ಇದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಅಸ್ಥಿರಜ್ಜುಗಳಲ್ಲಿ ಸುಣ್ಣ ಸೇರಿ ಬೆನ್ನು ಮರಗಟ್ಟುತ್ತದೆ. ಎಣ್ಣೆ ತಿಕ್ಕಿದರೆ, ಪಟ್ಟು ಹಾಕಿದರೆ ಇದು ಹೋಗದು. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಒಮ್ಮೆ ಗಟ್ಟಿಯಾದದ್ದನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಬೇಗ ನೀರು ಬದಲಿಸುವುದೇ ದಾರಿ.

ಕಾಲು ಸೋಲುವುದು, ತೊಡೆಸಂದಿಯಲ್ಲಿ ಜೋಮು, ಮೂತ್ರ ಹಿಡಿತ ತಪ್ಪುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನುನೋವಿನ ಜೊತೆಗೆ ಜ್ವರ ಬರುತ್ತಿದ್ದರೆ, ಮೈ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

ತೋಟದ ಮಣ್ಣು ಪರೀಕ್ಷೆ ಮಾಡಿಸುವ ನಾವು ಮನೆಯಲ್ಲಿ ಕುಡಿಯುವ ನೀರನ್ನೂ ಪರೀಕ್ಷೆ ಮಾಡಿಸೋಣ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಈ ಬೇಸಿಗೆಯೊಳಗೇ ಆ ಕೆಲಸ ಮುಗಿಸಬೇಕೆಂದು ಸದಸ್ಯರಲ್ಲಿ ವಿನಂತಿ.