ಚರ್ಚೆಯಲ್ಲಿ ಮೌನ, ಪ್ರಬಂಧದಲ್ಲಿ ಕಥಾಸಾರ



ನ್ಯೂಜೆರ್ಸಿಯ ಶಾಲೆಯೊಂದರ ಒಂಬತ್ತನೆಯ ತರಗತಿಯಲ್ಲಿರುವ ತಮ್ಮ ಮಗಳು, ಹಾರ್ಪರ್ ಲೀಯವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯನ್ನು ಕುರಿತು ಮನೆಯಲ್ಲಿ ನಿರರ್ಗಳವಾಗಿ ಮಾತನಾಡಿಯೂ ತರಗತಿಯ ಚರ್ಚೆಯಲ್ಲಿ ಮೌನವಾಗುವಳೆಂದೂ, ಅವಳ ಪ್ರಬಂಧಗಳು ಬರಿಯ ಕಥಾಸಾರವೆಂದು ಅಧ್ಯಾಪಕರು ಆಕ್ಷೇಪಿಸಿರುವರೆಂದೂ ಬರೆದಿದ್ದೀರಿ. ಎರಡಕ್ಕೂ ಮೂಲವೊಂದೇ: ಪ್ರಶ್ನೆಯಿಲ್ಲದ ಓದು.

1960ರಲ್ಲಿ ಪ್ರಕಟವಾದ ಆ ಕೃತಿಯಲ್ಲಿ, ಆರೋಪಿ ಟಾಮ್ ರಾಬಿನ್ಸನ್ನನ ಎಡಗೈ ನಿಷ್ಕ್ರಿಯವೆಂಬುದೂ, ಅವನ ಮೇಲೆ ಅತ್ಯಾಚಾರದ ಆರೋಪ ಹೊರಿಸಿದ ಮೆಯೆಲ್ಲಾಳಿಗೆ ಪೆಟ್ಟು ಬಿದ್ದುದು ಮುಖದ ಬಲಭಾಗಕ್ಕೆಂಬುದೂ, ಅವಳ ತಂದೆ ಎಡಚನೆಂಬುದೂ ನ್ಯಾಯಾಲಯದಲ್ಲಿ ಸರ್ವರ ಸಮಕ್ಷಮದಲ್ಲಿ ವ್ಯಕ್ತವಾದ ಮೇಲೂ ಜ್ಯೂರಿಯವರು ಟಾಮನನ್ನು ಅಪರಾಧಿಯೆಂದೇಕೆ ನಿರ್ಣಯಿಸಿದರೆಂಬ ಒಂದೇ ಪ್ರಶ್ನೆಯನ್ನು ಹಿಡಿದು 17ರಿಂದ 21ರವರೆಗಿನ ಅಧ್ಯಾಯಗಳನ್ನು ತಮ್ಮ ಮಗಳು ಪುನಃ ಓದಲಿ. ಆಧಾರವಾಗುವ ಮೂರು ವಾಕ್ಯಗಳನ್ನು ಪುಟಸಂಖ್ಯೆಯೊಡನೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಚರ್ಚೆಯ ಆರಂಭದಲ್ಲಿಯೇ ಒಂದು ಮಾತನ್ನಾಡಿಬಿಡುವುದು ಲೇಸು. ತಡೆದಷ್ಟೂ ತನ್ನ ಮಾತನ್ನು ಅನ್ಯರು ಆಡಿಬಿಡುವರು. ಪುಟವನ್ನು ತೋರಿಸಿ ಭಿನ್ನಾಭಿಪ್ರಾಯ ಸೂಚಿಸುವುದು ಅಲ್ಲಿ ಅವಿನಯವೆನಿಸದು. (ಹಿರಿಯರೆದುರು ಸುಮ್ಮನಿರಬೇಕೆಂದು ಕಲಿತು ಬೆಳೆದ ನಮ್ಮ ಮಕ್ಕಳಿಗೆ ಕಷ್ಟವಾಗುವುದು ಇದೇ.)

ಪ್ರಬಂಧಕ್ಕೂ ಅದೇ ಚೀಟಿ ಸಾಕು, ಆದರೆ ವಾದಕ್ಕೆ ಎಡೆಯಿರುವ ನಿಲುವೊಂದು ಬೇಕು. ಟಾಮನ ವಕೀಲ ಆಟಿಕಸ್ ಸಜ್ಜನನೆಂದರೆ ಎಲ್ಲರೂ ತಲೆದೂಗುವರು, ಬರೆಯಲು ಏನೂ ಉಳಿಯದು. ಅವನ ಸೌಜನ್ಯವು ಕಥೆ ನಡೆಯುವ ಮೇಕೋಂಬ್ ಊರಿನ ಅನ್ಯಾಯವನ್ನು ಎದುರಿಸಲು ಸಾಲದೆಂದರೆ ವಿವಾದ ಹುಟ್ಟುವುದು, ಪ್ರಬಂಧವೂ ಹುಟ್ಟುವುದು. ಪ್ರತಿಯೊಂದು ಉದ್ಧರಣೆಯ ತರುವಾಯ, ಅದು ತನ್ನ ವಾದವನ್ನು ಹೇಗೆ ಸಮರ್ಥಿಸುವುದೆಂದು ಎರಡು ವಾಕ್ಯಗಳಾದರೂ ಇರಲಿ. ತಾವಂತೂ ಲೇಖನಿ ಹಿಡಿದು ತಿದ್ದಲು ಹೋಗಬೇಡಿ. ಅವಳಿಂದ ಗಟ್ಟಿಯಾಗಿ ಓದಿಸಿ, ಅರ್ಥವಾಗದೆಡೆಯಲ್ಲಿ ಏಕೆಂದು ಮಾತ್ರ ಕೇಳಿರಿ.