ಕೊಡಲಿ, ಗುದ್ದಲಿಗಳ ಕಾವಿಗೆ ಯೋಗ್ಯ ಮರದ ಆಯ್ಕೆ

"ಕೊಡಲಿ ಕಾವು ಕುಲಕ್ಕೆ ಮೃತ್ಯು" ಎಂಬುದು ಹಳೆಯ ಗಾದೆ. ಆದರೆ ಸರಿಯಾಗಿ ಆರಿಸದ ಕಾವು ಮರದ ಕುಲಕ್ಕಿಂತ ಮೊದಲು ಅದನ್ನು ಹಿಡಿದವನಿಗೇ ಅಪಾಯ ತರುತ್ತದೆ. ಬೀಸಿದ ಕೊಡಲಿಯ ತಲೆ ಕಳಚಿ ಹಾರಿದರೆ ಎದುರಿಗಿದ್ದವರ ಪ್ರಾಣಕ್ಕೇ ಸಂಚಕಾರ. ಬದು ಕಟ್ಟುವ ದಿನ ಗುದ್ದಲಿ ಕಾವು ಮುರಿದರೆ ಒಂದು ಆಳಿನ ಕೂಲಿ ನಷ್ಟ. ಆದುದರಿಂದ ಕಾವಿನ ಮರವನ್ನು ಬಿತ್ತನೆ ಬೀಜದಷ್ಟೇ ಎಚ್ಚರಿಕೆಯಿಂದ ಆರಿಸುವುದು ಅವಶ್ಯಕ.

ಒಳ್ಳೆಯ ಕಾವಿನ ಗುಣಗಳು

ಕಾವಿನ ಮರ ಗಟ್ಟಿಯಾಗಿದ್ದರೆ ಸಾಲದು. ಏಟಿನ ಅದುರನ್ನು ತಾಳಿಕೊಂಡು, ಸ್ವಲ್ಪ ಬಾಗಿ, ಮತ್ತೆ ನೆಟ್ಟಗಾಗುವ ಗುಣವೂ ಬೇಕು. ನಾರು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರವಾಗಿ ಸಾಗಿರಬೇಕು. ಗಂಟು, ಸೀಳು ಮತ್ತು ಕುಟ್ಟೆ ಹುಳುವಿನ ತೂತುಗಳಿರಬಾರದು. ನಾರು ಓರೆಯಾಗಿ ಹೊರಬಿದ್ದ ಕಡೆಯಲ್ಲಿಯೇ ಕಾವು ಮುರಿಯುವುದು ಹೆಚ್ಚು.

ಕಡೂರು ಸೀಮೆಯಲ್ಲಿ ದೊರೆಯುವ ಮರಗಳು

ಕಡೂರು, ಬೀರೂರು, ಅಜ್ಜಂಪುರದ ಬಯಲು ಭಾಗ ಪಶ್ಚಿಮ ಘಟ್ಟದ ಮಳೆ ನೆರಳಿಗೆ ಸೇರಿದೆ. ತರೀಕೆರೆಯ ಪಶ್ಚಿಮ ಅಂಚಿನಲ್ಲಿ ಕಾಡುಮರಗಳಿವೆ. ಈ ಸೀಮೆಯ ಮರಗಳಲ್ಲಿ ಕೆಳಗಿನವು ಗಮನಾರ್ಹ.

ದಿಂಡಿಗ: ಕಾವಿಗೆ ಅತ್ಯುತ್ತಮ. ಒಣಗಿದ ಮರ ಘನ ಮೀಟರಿಗೆ ಸುಮಾರು 900 ಕಿ.ಗ್ರಾಂ. ತೂಗುತ್ತದೆ. ಬಿರುಸಾದ ಏಟನ್ನು ತಾಳುವುದರಿಂದ ಕೊಡಲಿ, ಪಿಕಾಸಿಗೆ ಸೂಕ್ತ. ಆದರೆ ಅವಸರದಲ್ಲಿ ಒಣಗಿಸಿದರೆ ಸೀಳುತ್ತದೆ.

ತಡಸಲು: ಚೆನ್ನಾಗಿ ಬಾಗುವ ಮರ. ದಿಂಡಿಗಕ್ಕಿಂತ ಹಗುರ.

ಕರಿಜಾಲಿ: ಕೆರೆಯಂಗಳ ಮತ್ತು ಕಪ್ಪು ಭೂಮಿಯ ಬದುಗಳಲ್ಲಿ ಸುಲಭವಾಗಿ ಸಿಗುತ್ತದೆ. ತೂಕ ಸುಮಾರು 800 ಕಿ.ಗ್ರಾಂ. ಕೆಂಪು ಚೇಗು ಬಾಳಿಕೆ ಬರುತ್ತದೆ. ಹೊರಗಿನ ಬಿಳಿ ಭಾಗಕ್ಕೆ ಹುಳು ಬೇಗ ಬೀಳುತ್ತದೆ. ಹಸಿ ತುಂಡನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು ನಂತರ ಒಣಗಿಸುವ ಹಳೆಯ ಪದ್ಧತಿಯಿಂದ ಹುಳುವಿನ ಬಾಧೆ ಕಡಿಮೆಯಾಗುತ್ತದೆ.

ಚುಜ್ಜಲು: ಒಣ ಭೂಮಿಯ ಗಟ್ಟಿ ಮರ. ನೆಟ್ಟನೆಯ ಕೊಂಬೆ ದೊರೆತರೆ ಗುದ್ದಲಿಗೆ ಸಾಕು.

ಕಿರುಬಿದಿರು: ಒಳಟೊಳ್ಳು ಕಡಿಮೆ ಇರುವ ಬಲಿತ ಗಳು ದೋಟಿ ಮತ್ತು ಉದ್ದ ಹಿಡಿಯ ಹಗುರ ಉಪಕರಣಗಳಿಗೆ ಯೋಗ್ಯ.

ತೇಗ ಬೆಲೆಬಾಳುವ ಮರವಾದರೂ ಜೋರು ಏಟಿಗೆ ಸಿಡಿಯುವ ಗುಣ ಅದಕ್ಕಿದೆ. ಬಾಗಿಲಿಗೆ ಒಳ್ಳೆಯದು, ಕೊಡಲಿಗಲ್ಲ. ಹೊಂಗೆಗೆ ಹುಳು ಬೇಗ ತಗಲುತ್ತದೆ. ನೀಲಗಿರಿಯ ನಾರು ಅನೇಕ ವೇಳೆ ತಿರುಚಿಕೊಂಡಿದ್ದು, ಒಣಗುವಾಗ ಸೀಳುತ್ತದೆ.

ಕಡಿಯುವುದು ಮತ್ತು ಒಣಗಿಸುವುದು

ಕಾವಿಗಾಗಿ ಇಡೀ ಮರವನ್ನು ಉರುಳಿಸಬೇಕಾಗಿಲ್ಲ. ಸವರಿದ ನೆಟ್ಟನೆಯ ಕೊಂಬೆಯೇ ಸಾಕು. ಮರ ಕಡಿಯಲೇಬೇಕಾದಲ್ಲಿ, 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ಜಮೀನಿನಲ್ಲಿಯೂ ಹಲವು ಜಾತಿಯ ಮರಗಳಿಗೆ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಮುಂಚಿತವಾಗಿ ಅರಣ್ಯ ವಲಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಮಳೆಗಾಲ ಮುಗಿದ ನಂತರ, ಚಳಿಗಾಲದಲ್ಲಿ ಕಡಿಯುವುದು ಒಳ್ಳೆಯದು. ಆಗ ಮರ ನಿಧಾನವಾಗಿ ಒಣಗುತ್ತದೆ. ದಪ್ಪ ತುಂಡನ್ನು ಗರಗಸದಿಂದ ಕೊಯ್ಯುವ ಬದಲು ಬೆಣೆ ಹೊಡೆದು ಸೀಳಿದರೆ ಸೀಳು ನಾರಿನ ಜಾಡನ್ನೇ ಹಿಡಿದು ಸಾಗುತ್ತದೆ. ತುಂಡುಗಳ ಎರಡೂ ತುದಿಗಳಿಗೆ ಸಗಣಿ ಬಳಿದು, ಗಾಳಿಯಾಡುವ ನೆರಳಿನಲ್ಲಿ 4-6 ತಿಂಗಳು ಇಡಬೇಕು. ತುದಿಯಿಂದ ತೇವ ಬೇಗ ಆರಿಹೋಗುವುದರಿಂದಲೇ ಮರ ಅಲ್ಲಿ ಬಿರಿಯುತ್ತದೆ. ಸಗಣಿ ಇದನ್ನು ತಡೆಯುತ್ತದೆ.

ಹಸಿ ಮರದ ಕಾವನ್ನು ಎಂದಿಗೂ ಹಾಕಬಾರದು. ಮರ ಒಣಗುತ್ತಾ ಹೋದಂತೆ ಉದ್ದದಲ್ಲಿ ಹೆಚ್ಚು ಕುಗ್ಗದಿದ್ದರೂ ದಪ್ಪದಲ್ಲಿ ಕುಗ್ಗುತ್ತದೆ. ಇಂದು ಬಿಗಿಯಾಗಿದ್ದ ಕಾವು ಬೇಸಿಗೆಯಲ್ಲಿ ಸಡಿಲವಾಗುವುದು ಇದರಿಂದಲೇ.

ಜೋಡಿಸುವ ಕ್ರಮ

ಕಾವಿನ ತುದಿಯಲ್ಲಿ ಮರದ ಉಂಗುರಗಳು ಕಾಣುವಂತಿದ್ದರೆ ಅವು ಏಟು ಬೀಳುವ ದಿಕ್ಕಿಗೆ ಸಮನಾಗಿರುವಂತೆ ಜೋಡಿಸಬೇಕು. ಪಿಕಾಸಿಯ ಕಾವಿನ ತಲೆಭಾಗ ಕಣ್ಣಿಗಿಂತ ತುಸು ದಪ್ಪವಿರಬೇಕು. ಹಿಡಿಯುವ ತುದಿಯಿಂದ ಪಿಕಾಸಿಯನ್ನು ಏರಿಸಿದರೆ ಬೀಸಿದಷ್ಟೂ ಬಿಗಿಯಾಗುತ್ತದೆ. ಕೊಡಲಿಗೆ ಬೆಣೆ ಹಾಕುವುದಾದರೆ ಚೆನ್ನಾಗಿ ಒಣಗಿದ ಗಟ್ಟಿ ಮರದ ಬೆಣೆಯನ್ನೇ ಬಳಸಬೇಕು. ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳು ಬೆರಳುಗಳ ತುದಿಯನ್ನು ಮುಟ್ಟುವಷ್ಟು ದಪ್ಪವಿದ್ದರೆ ಕೈಗೆ ಆಯಾಸವಾಗದು.

ಸಡಿಲವಾದ ಕಾವನ್ನು ನೀರಿನಲ್ಲಿ ನೆನೆಹಾಕುವ ರೂಢಿ ಅನೇಕರಲ್ಲಿದೆ. ಇದು ಸರಿಯಲ್ಲ. ಉಬ್ಬಿದ ನಾರು ಕಬ್ಬಿಣಕ್ಕೆ ಒತ್ತಿ ನಜ್ಜುಗುಜ್ಜಾಗುತ್ತದೆ. ಒಣಗಿದ ಮೇಲೆ ಕಾವು ಮೊದಲಿಗಿಂತಲೂ ಸಡಿಲವಾಗುತ್ತದೆ. ಬದಲಾಗಿ ಬೆಣೆಯನ್ನು ಬದಲಿಸಿ, ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಸವರುವುದು ಲೇಸು. ಕಾವಿನಲ್ಲಿ ಸೀಳು ಕಂಡರೆ ತಂತಿ ಸುತ್ತಿ ಮುಂದುವರಿಸದೆ ಕೂಡಲೇ ಬದಲಿಸಬೇಕು.

ಪ್ರತಿಯೊಂದು ರೈತ ಕುಟುಂಬವೂ ಅಟ್ಟದ ಮೇಲೆ ನಾಲ್ಕಾರು ತುಂಡುಗಳನ್ನು ಸದಾ ಒಣಗಲು ಇಟ್ಟುಕೊಂಡಿದ್ದರೆ ಹದ ಮಳೆ ಬಂದ ದಿನ ಕಾವಿಗಾಗಿ ಪರದಾಡುವ ಪ್ರಸಂಗ ಬರುವುದಿಲ್ಲ.